ಹೂಂಗುಟ್ಟುವ ಊರು

ಮನುಷ್ಯನ ಧೈರ್ಯ ಎದೆಯಲ್ಲಿರುತ್ತದೆಂದು ಹಿಂದಿನವರು ನಂಬಿದ್ದರು. ರಾಜಧಾನಿ ನಡುಪಟ್ಟಣದ ವಿಜ್ಞಾನಿಗಳು ಅದನ್ನು ಗಂಟಲಿನಲ್ಲಿ ಕಂಡುಹಿಡಿದರು. ಅಂಜಿದವನ ಗಂಟಲಿನ ಸ್ನಾಯು ಸೆಕೆಂಡಿಗೆ ಹತ್ತು ಸಲ ನಡುಗುತ್ತದೆ, ನಮ್ಮ ನಿಮ್ಮ ಕಿವಿಗೆ ಕೇಳದಷ್ಟು ಸಣ್ಣಗೆ. ಅಂಜಿಕೆ ಇಲ್ಲದವನ ಗಂಟಲು ನಿಂತ ನೀರಿನಂತಿರುತ್ತದೆ. ಆ ನಡುಕವನ್ನು ಅಳೆಯುವ ಪೆಟ್ಟಿಗೆಯೊಂದನ್ನು ಮಾಡಿ, ಮಂಗಳ ಗ್ರಹದ ಬಟ್ಟಲೂರಿನ ತಳದ ಒಂದೊಂದು ಮನೆಯ ಗೋಡೆಗೂ ಒಂದೊಂದನ್ನು ಕೂರಿಸಿದ ವರ್ಷದ ಕಥೆ ಇದು.

ಬಟ್ಟಲೂರು ಹೆಸರಿಗೆ ತಕ್ಕ ಹಾಗೆ ಒಂದು ಬಟ್ಟಲು. ಯಾವ ಕಾಲದಲ್ಲೋ ಆಕಾಶದಿಂದ ಬಿದ್ದ ಕಲ್ಲು ಕೊರೆದಿಟ್ಟ ಕುಳಿ. ಅಂಚಿನ ಎತ್ತರದಲ್ಲಿ ಗಾಜಿನ ಸೂರಿನಡಿ ಮೇಲ್ದಂಡೆಯವರು. ತಳದಲ್ಲಿ ಅಂಥದೇ ಸೂರಿನಡಿ ಕೆಳದಂಡೆಯವರು. ಇಳಿಜಾರಿನ ನಡುಮಧ್ಯದಲ್ಲಿ, ನೆಲದೊಳಗಿನ ಮಂಜುಗಡ್ಡೆಯನ್ನು ಕರಗಿಸಿ ನೀರೆತ್ತುವ ಬಾವಿ. ಅದನ್ನು ಎಲ್ಲರೂ ನೀರ್ಗಣ್ಣು ಅನ್ನುತ್ತಿದ್ದರು. ಎರಡು ದಂಡೆಯವರೂ ಒಂದೇ ಹಡಗಿನಲ್ಲಿ ಭೂಮಿಯಿಂದ ಬಂದವರ ಮರಿಮಕ್ಕಳು, ಒಂದೇ ಮಾತಿನವರು, ಹೆಣ್ಣು ಕೊಟ್ಟು ತಂದ ಬೀಗರು. ನೀರಿನ ಪಾಲಿನ ಮಾತು ಮೊದಲು ಸಭೆಯಲ್ಲಿ ಎದ್ದಿತು. ಆಮೇಲೆ ಕೊಳವೆಗೆ ಬೀಗ ಬಿತ್ತು. ಆಮೇಲೆ ಕಲ್ಲು ಬಿದ್ದವು, ಕಲ್ಲಿನ ಹಿಂದೆ ಗುಂಡು. ಹದಿನಾಲ್ಕು ತಿಂಗಳಿಂದ ಅಣ್ಣತಮ್ಮಂದಿರ ಯುದ್ಧ ನಡೆದಿತ್ತು.

ನೀರ್ಗಣ್ಣು ಸದ್ಯಕ್ಕೆ ಕೆಳದಂಡೆಯ ಕೈಯಲ್ಲಿತ್ತು. ಅದನ್ನು ಕಾಯುತ್ತಿದ್ದ ತುಕಡಿ ದಣಿದು ಸೊಪ್ಪಾಗಿತ್ತು. ಬದಲಿಗೆ ಆರುನೂರು ಜನ ಬೇಕಾಗಿದ್ದರು. ಕೆಳದಂಡೆಯ ಪಕ್ಷ ವಹಿಸಿದ್ದ ನಡುಪಟ್ಟಣದ ಸರ್ಕಾರದಲ್ಲಿ ಬಲವಂತದ ಭರ್ತಿ ಇರಲಿಲ್ಲ. ಸೈನಿಕನಾಗುವವನು ತಾನಾಗಿ ಒಪ್ಪಬೇಕು, ಒಪ್ಪಿಗೆಯನ್ನು ಮನೆಯ ಪೆಟ್ಟಿಗೆಯೇ ಕೇಳಿ ಬರೆದುಕೊಳ್ಳುತ್ತಿತ್ತು. ಎರಡು ತಿಂಗಳು ಭಾಷಣ ಮಾಡಿದರೂ ಒಪ್ಪಿದವರು ನಲವತ್ತೊಂದು ಜನ. ಊರಿನ ಹುರುಪು ಎಷ್ಟಿದೆಯೆಂದು ತೋರಿಸಲು ಚೌಕದಲ್ಲಿ ನಿಲ್ಲಿಸಿದ್ದ ಹಲಗೆಯ ಮೇಲೆ ನೂರಕ್ಕೆ ಮೂವತ್ತೊಂದು ಎಂಬ ಅಂಕಿ ಹಲ್ಲು ಕಿರಿದುಕೊಂಡು ನಿಂತಿತ್ತು.

ಭರ್ತಿ ಕಚೇರಿಯಲ್ಲಿ ಪೆಟ್ಟಿಗೆಗಳ ಮೇಜು ನೋಡಿಕೊಳ್ಳುತ್ತಿದ್ದವಳು ಮಂದಾಕಿನಿ. ನಲವತ್ತಾರು ವರ್ಷ, ಮಾತು ಕಡಿಮೆ. ಅವಳ ತಾಯಿ ಸಂಜೆ ದೀಪ ಹಚ್ಚಿ ಮಕ್ಕಳನ್ನು ಕಾವ್ಯವಾಚನಕ್ಕೆ ಕೂರಿಸುವಾಗ, "ದೇವರು ಎಲ್ಲಕ್ಕಿಂತ ಮೊದಲು ಕಿವಿ ಕೊಟ್ಟ, ಅದಕ್ಕೆ ಮುಚ್ಚೋ ರೆಪ್ಪೆ ಇಟ್ಟಿಲ್ಲ ನೋಡು" ಅನ್ನುತ್ತಿದ್ದಳು. ಕೇಳುವುದೂ ಒಂದು ಪೂಜೆ ಎಂದು ಮಂದಾಕಿನಿ ಕಲಿತದ್ದು ಹಾಗೆ. ಆದ್ದರಿಂದಲೇ ಮೇಲ್ವಿಚಾರಕ ಪರಶಿವಮೂರ್ತಿ ತಲೆಯ ಮೇಲೆ ಕೈಹೊತ್ತು ಕೂತಿದ್ದ ದಿನ ಅವಳೇ ಒಂದು ಉಪಾಯ ಹೇಳಿದ್ದಳು.

"ನಮ್ಮ ಜನಕ್ಕೆ ಭಾಷಣ ಹಿಡಿಸಲ್ಲ ಸಾರ್. ಪದ್ಯದಲ್ಲಿ ಹೇಳ್ಸಿ. ತಿರುನಾರಾಯಣ ಮೇಷ್ಟ್ರು ದಿನಾ ಸಂಜೆ ಪೆಟ್ಟಿಗೇಲಿ ವಾಚನ ಮಾಡ್ತಾರಲ್ಲ, ಅದಕ್ಕೆ ನಾಲ್ಕು ಪದ್ಯ ಸೇರಿಸಿದ್ರಾಯ್ತು."

ಮೇಷ್ಟ್ರು ಊರಿಗೆಲ್ಲ ಒಬ್ಬರೇ ಗಮಕಿ. ಎಂಬತ್ತರ ಹತ್ತಿರದ ವಯಸ್ಸು, ಮೂವತ್ತರ ಕಂಠ. ಮರುದಿನವೇ ಪದ್ಯ ಕಟ್ಟಿಕೊಟ್ಟರು. ಸೋಮವಾರ ಸಂಜೆ, ಸೂರಿನಾಚೆ ಸೂರ್ಯ ನೀಲಿಯಾಗಿ ಮುಳುಗುವ ಹೊತ್ತಿಗೆ, ಮನೆಮನೆಯ ಪೆಟ್ಟಿಗೆಯಿಂದ ಅವರ ದನಿ ಹರಿಯಿತು:

ಬಟ್ಟಲೊಳಗಿನ ನೀರ ಕಣ್ಣಿದು
ಕೆಟ್ಟು ಹೋಗದ ಹಾಗೆ ನಮ್ಮಯ
ತೊಟ್ಟಿಲೊಳಗಿನ ಕೂಸು ಕುಡಿಯುವ ಹನಿಯ ಕಾಯುವಿರಾ

ಮಂಗಳವಾರ ಬೆಳಿಗ್ಗೆ ಮಂದಾಕಿನಿ ಕಚೇರಿಗೆ ಬಂದಾಗ ಪರಶಿವಮೂರ್ತಿ ಮೇಜಿನ ಸುತ್ತ ಸುತ್ತುತ್ತಿದ್ದ. ನಡುಪಟ್ಟಣದಿಂದ ಬಂದ ಐವತ್ತರ ಗಂಡಸು. ಬಂದು ವರ್ಷವಾದರೂ ಅವನು ನಕ್ಕದ್ದನ್ನು ಅವಳು ನೋಡಿರಲಿಲ್ಲ.

"ಮಂದಾಕಿನಿಯವರೇ, ಓದಿ. ನಾನು ಓದಿದ್ರೆ ನಂಬಿಕೆ ಬರ್ತಿಲ್ಲ."

ಅವಳು ಓದಿದಳು. ಒಂದೇ ಸಂಜೆಗೆ ಮೂರು ಸಾವಿರದ ಒಂಬೈನೂರ ಹನ್ನೆರಡು ಒಪ್ಪಿಗೆ. ಕೆಳದಂಡೆಯಲ್ಲಿ ವಯಸ್ಸಿಗೆ ಬಂದವರೇ ಆರು ಸಾವಿರ.

"ಸಂಖ್ಯೆ ಬಿಡಿ, ಧೈರ್ಯದ ಅಂಕ ನೋಡಿ. ತೊಂಬತ್ತಕ್ಕಿಂತ ಕಡಿಮೆ ಒಬ್ಬರದೂ ಇಲ್ಲ. ನಡುಪಟ್ಟಣದ ಕಾವಲು ಪಡೆಯಲ್ಲೇ ಎಪ್ಪತ್ತು ದಾಟೋದಿಲ್ಲ. ಎಂಥ ಜನರೀ ನಿಮ್ಮವರು."

ಹೆಸರುಗಳ ಪಟ್ಟಿ ಗುಟ್ಟಿನದು. ಗಾಡಿ ಹೊರಡುವ ದಿನ, ಅಂದರೆ ಶನಿವಾರ, ಕರೆ ಬರುವ ತನಕ ಯಾರಿಗೂ ಹೇಳುವಂತಿಲ್ಲ. ಅದನ್ನು ಅಂಕದ ಪ್ರಕಾರ ಜೋಡಿಸುವ ಕೆಲಸ ಮಂದಾಕಿನಿಯದು. ಜೋಡಿಸಿದಳು. ಎಲ್ಲಕ್ಕಿಂತ ಮೇಲೆ, ತೊಂಬತ್ತೆಂಟು ಅಂಕದೊಂದಿಗೆ, ಅವಳ ಗಂಡನ ಹೆಸರು ಬಂದು ಕೂತಿತು. ಚೆಲುವರಾಯ, ಪೈರು ಬೆಳೆಸುವ ರಾಗಿಮನೆಯ ಕೆಲಸಗಾರ, ಮೊದಲ ಗಾಡಿ.

ಮಂದಾಕಿನಿ ಎರಡನೇ ಸಲ ಜೋಡಿಸಿದಳು. ಮತ್ತೆ ಅದೇ. ಚೆಲುವರಾಯನಷ್ಟು ಒಳ್ಳೆಯವನು ಓಣಿಯಲ್ಲಿ ಇನ್ನೊಬ್ಬನಿರಲಿಲ್ಲ. ಅವನಷ್ಟು ಪುಕ್ಕಲನೂ ಇರಲಿಲ್ಲ. ಸೂರಿನ ಗಾಳಿ ಪರೀಕ್ಷೆಗೆಂದು ತಿಂಗಳಿಗೊಮ್ಮೆ ಸೈರನ್ ಕೂಗುತ್ತದೆ, ಹಿಂದಿನ ದಿನವೇ ತಿಳಿಸಿರುತ್ತಾರೆ. ಆದರೂ ಅವನು ಮಂಚದಡಿ ಸೇರುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ನಡುಪಟ್ಟಣದಿಂದ ಆಜ್ಞೆ ಬಂತು. ಇಷ್ಟು ಜನ ಇಷ್ಟು ಧೈರ್ಯದಿಂದ ಮುಂದೆ ಬಂದಿರುವಾಗ ಬರೀ ಬಾವಿ ಕಾಯುವುದೇಕೆ? ಶನಿವಾರ ಹೊರಡುವ ಪಡೆ ಇಳಿಜಾರು ಹತ್ತಿ ಮೇಲ್ದಂಡೆಯನ್ನೇ ಹಿಡಿಯಲಿ. ಪರಶಿವಮೂರ್ತಿ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದ. ಮಂದಾಕಿನಿ ಪಟ್ಟಿಯ ಮೊದಲ ಹೆಸರನ್ನು ಮತ್ತೊಮ್ಮೆ ನೋಡಿದಳು. ಮೇಲ್ದಂಡೆಯ ಮೂರನೇ ಮೆಟ್ಟಿಲಲ್ಲಿ ಚೆಲುವರಾಯನ ತಂಗಿ ಸುನಂದಾಳ ಮನೆಯಿತ್ತು.

ಚೌಕ ದಾಟಿ ಮನೆಗೆ ಬರುವಾಗ ಹಲಗೆಯ ಅಂಕಿ ಎಪ್ಪತ್ತನಾಲ್ಕಕ್ಕೆ ಏರಿತ್ತು. ಅದರ ಕೆಳಗೆ ಜನ ಗುಂಪುಗೂಡಿ ಮದುವೆಮನೆಯವರ ಹಾಗೆ ಮಾತಾಡುತ್ತಿದ್ದರು. ಪಕ್ಕದ ಮನೆಯ ದ್ಯಾವಮ್ಮ ಅವಳ ಕೈ ಹಿಡಿದು ನಿಲ್ಲಿಸಿದಳು.

"ಮೂರು ಸಾವ್ರದ ಒಂಬೈನೂರಂತೆ ಕಣವ್ವ. ನಂಗಂತೂ ಎದೆ ಉಬ್ಬೋಗದೆ. ಯಾವ ತಾಯಿ ಹೆತ್ತ ಮಕ್ಳೋ, ಪುಣ್ಯಾತ್ಮರು. ನಮ್ ಓಣೀಲಂತೂ ಒಬ್ರೂ ಇರಕ್ಕಿಲ್ಲ ಬುಡು. ಎಲ್ಲಾ ಹೆದರುಪುಕ್ಲರೇ."

ದ್ಯಾವಮ್ಮನ ಹೆಸರು ಪಟ್ಟಿಯಲ್ಲಿ ಹದಿನೇಳನೆಯದಾಗಿತ್ತು. ಮಂದಾಕಿನಿ ತಲೆಯಾಡಿಸಿ ಮುಂದೆ ಹೋದಳು.

ಚೆಲುವರಾಯ ಆಗತಾನೆ ರಾಗಿಮನೆಯಿಂದ ಬಂದು ಒದ್ದೆ ಬಟ್ಟೆಯಲ್ಲಿ ಕೈಕಾಲು ಒರೆಸಿಕೊಳ್ಳುತ್ತಿದ್ದ. ಅವಳು ತಟ್ಟೆ ಇಟ್ಟು ಮುದ್ದೆ ಬಡಿಸಿದಳು.

"ರೀ, ನಿನ್ನೆ ಸಂಜೆ ಮೇಷ್ಟ್ರ ಪದ್ಯ ಕೇಳಿದ್ರಾ?"

"ಕೇಳ್ದೇ ಇರ್ತೀನಾ. ಆ ತೊಟ್ಟಿಲು ಅನ್ನೋ ಕಡೆ ಒಂದು ಎಳೆ ಎಳೆದ್ರು ನೋಡು, ಕಣ್ಣಲ್ಲಿ ನೀರು ಬಂತು."

"ಕೊನೇಲಿ ಏನು ಕೇಳಿದ್ರು?"

"ಯಾರು?"

"ಮೇಷ್ಟ್ರು. ಪದ್ಯದ ಕೊನೇಲಿ ಏನೋ ಕೇಳಿದ್ರಲ್ಲ."

ಚೆಲುವರಾಯ ತುತ್ತು ಹಿಡಿದುಕೊಂಡು ಯೋಚಿಸಿದ. "ಕೇಳಿದ್ರಾ? ನಾನು ರಾಗ ಮೋಹನಾನೋ ಕಾಂಬೋದೀನೋ ಅಂತ ನೋಡ್ತಿದ್ದೆ."

"ನೀವೇನಂದ್ರಿ ಅದಕ್ಕೆ?"

"ಏನಂತಾರೆ? ಹೂಂ ಅಂದೆ. ಪ್ರತಿ ಪದ್ಯಕ್ಕೂ ಅಂತೀನಲ್ಲ. ಯಾಕೆ, ಜೋರಾಯ್ತಾ?"

ಮಂದಾಕಿನಿ ಸೌಟು ಕೆಳಗಿಟ್ಟಳು. ನಲವತ್ತು ವರ್ಷ ಕಿವಿಯಲ್ಲೇ ಇದ್ದ ಸದ್ದು ಅವಳಿಗೆ ಮೊದಲ ಸಲ ಕೇಳಿಸಿದಂತಾಯಿತು. ವಾಚನ ನಡೆಯುವಾಗ ಕೆಳದಂಡೆಯ ಮನೆಮನೆಯಲ್ಲೂ, ಪದ್ಯ ಮುಗಿದು ಇನ್ನೊಂದು ಮೊದಲಾಗುವ ಆ ಸಣ್ಣ ಸಂದಿನಲ್ಲಿ, ಹಿರಿಯರು ಕಿರಿಯರೆಲ್ಲ ಕಣ್ಣು ಅರೆಮುಚ್ಚಿ ಹೂಂ ಅನ್ನುತ್ತಾರೆ. ಹೇಳುವವನು ಹೇಳಲಿ, ನಾವಿದ್ದೇವೆ ಎನ್ನುವುದು ಅದರ ಅರ್ಥ. ಆ ಹೊತ್ತಿನಲ್ಲಿ ಯಾರ ಮನಸ್ಸಿನಲ್ಲೂ ಅಂಜಿಕೆಯಿರುವುದಿಲ್ಲ. ಯುದ್ಧವಿರುವುದಿಲ್ಲ, ಮಂಡಿನೋವೂ ಇರುವುದಿಲ್ಲ. ಗಂಟಲು ನಿಂತ ನೀರಿನಂತಿರುತ್ತದೆ. ಪೆಟ್ಟಿಗೆ ಅಳೆದದ್ದು ಸರಿಯಾಗಿಯೇ ಇತ್ತು. ಅದು ಅಳೆದದ್ದು ನೆಮ್ಮದಿಯನ್ನು. ಬರೆದುಕೊಂಡದ್ದು ಶೌರ್ಯ ಎಂದು.

"ಒಂದು ವೇಳೆ," ಎಂದಳು, "ನಿಮ್ಮನ್ನ ಸೈನ್ಯಕ್ಕೆ ಕರೆದ್ರೆ?"

ಚೆಲುವರಾಯ ನಕ್ಕ. "ನನ್ನನ್ನಾ? ಬಂದೂಕು ಕೊಟ್ರೆ ಅದರ ಭಾರಕ್ಕೇ ಬಿದ್ದೋಗ್ತೀನಿ. ಅಲ್ಲದೆ ಅತ್ಲಾಗಿ ನಮ್ಮ ಸುನಂದಾ ಇದಾಳಲ್ಲೇ. ಇನ್ನೊಂಚೂರು ಸಾರು ಹಾಕು."

ಅವಳು ಸಾರು ಹಾಕಿದಳು. ಹೇಳಲಿಲ್ಲ. ಹೇಳಿ, ಅವನು ಹೆದರಿ ಬರುವುದಿಲ್ಲವೆಂದರೆ ಕಾನೂನಿನ ಪ್ರಕಾರ ಅದು ಓಡಿಹೋದ ಸೈನಿಕನ ಅಪರಾಧವಾಗುತ್ತಿತ್ತು. ಒಪ್ಪಿದವನು ಹಿಂದೆ ಸರಿಯುವಂತಿಲ್ಲ. ಯಂತ್ರವೇ ತಪ್ಪಿದೆಯೆಂದು ಮೇಲ್ವಿಚಾರಕ ಸಹಿ ಮಾಡಿದರೆ ಮಾತ್ರ ಪಟ್ಟಿ ರದ್ದಾಗುತ್ತದೆ. ಆ ಸಹಿಗೆ ಇನ್ನು ಮೂರು ದಿನವಿತ್ತು.

ಬುಧವಾರ ಬೆಳಿಗ್ಗೆ ಪರಶಿವಮೂರ್ತಿ ಅವಳ ಮಾತನ್ನು ಕೊನೆಯ ತನಕ ಕೇಳಿದ. ಒಂದು ಸಲವೂ ಹೂಂ ಅನ್ನಲಿಲ್ಲ. ನಡುಪಟ್ಟಣದವರು ಸುಮ್ಮನೆ ಬಾಯಿ ಮುಚ್ಚಿಕೊಂಡು ಕೇಳುತ್ತಾರೆ.

"ಹೂಂ ಅಂದ್ರೆ ಹೌದು ಅಂತ ಅಲ್ವೇನ್ರೀ? ನಿಘಂಟಲ್ಲೂ ಹಾಗೇ ಇದೆ."

"ಇದೆ ಸಾರ್. ಆದ್ರೆ ಪದ್ಯ ಕೇಳೋವಾಗ ಹೂಂ ಅಂದ್ರೆ ಎಚ್ಚರವಾಗಿದೀನಿ ಅಂತ."

"ಆರು ಸಾವಿರದಲ್ಲಿ ನಾಲ್ಕು ಸಾವಿರ ಜನ ತಾವು ಎಚ್ಚರವಾಗಿದೀವಿ ಅಂತ ಗೋಡೆಗೆ ತಿಳಿಸಿದ್ರಾ?"

"ಗೋಡೆಗಲ್ಲ, ಮೇಷ್ಟ್ರಿಗೆ. ಹೂಂ ಅನ್ನದಿದ್ರೆ ಅವರಿಗೆ ಮುಂದಿನ ಪದ್ಯ ಬಾಯಿಗೆ ಬರಲ್ಲ ಅಂತ ನಮ್ಮ ನಂಬಿಕೆ."

ಪರಶಿವಮೂರ್ತಿ ಕಿಟಕಿಯಿಂದ ಚೌಕದ ಹಲಗೆ ನೋಡಿದ. ಎಪ್ಪತ್ತೆಂಟಾಗಿತ್ತು. ಕೆಟ್ಟವನಲ್ಲ ಅವನು. ಒಂದು ವರ್ಷ ಸೋತಿದ್ದವನು, ಈಗ ಎರಡು ದಿನದಿಂದ ಗೆದ್ದಿದ್ದ. ಕೊನೆಗೆ ಒಂದು ದಾರಿ ಹೇಳಿದ. ಇವತ್ತು ಸಂಜೆ ಪದ್ಯವಾದ ಮೇಲೆ ಪೆಟ್ಟಿಗೆ ಬರೀ ಮಾತಿನಲ್ಲಿ, ಸೈನ್ಯಕ್ಕೆ ಬರ್ತೀರಾ ಎಂದು ಕೇಳಲಿ. ಯೋಚಿಸುವವರು ಯೋಚಿಸಲಿ, ನಾಳೆ ಮಧ್ಯಾಹ್ನದವರೆಗೆ ಕಾಯೋಣ. ಹೂಂ ಲೆಕ್ಕಕ್ಕಿಲ್ಲ. ಬರ್ತೀನಿ ಎಂದು ಬಾಯಿಬಿಟ್ಟು ಹೇಳಿದವರದು ಮಾತ್ರ ಒಪ್ಪಿಗೆ. ಹಳೆಯ ಪಟ್ಟಿಯ ಬದಲು ಹೊಸ ಪಟ್ಟಿ.

ಮಂದಾಕಿನಿ ನೆಮ್ಮದಿಯಿಂದ ಪೆಟ್ಟಿಗೆಗಳಿಗೆ ಹೊಸ ಮಾತು ಕಲಿಸಿದಳು. ಇದರಲ್ಲಿ ತಪ್ಪೇನೂ ಅವಳಿಗೆ ಹೊಳೆಯಲಿಲ್ಲ. ದಿನಕ್ಕೆ ಹತ್ತು ಸಲ ಆಡುವ ಮಾತು ಯಾರಿಗೆ ಹೊಳೆಯುತ್ತದೆ?

ಗುರುವಾರ ಮಧ್ಯಾಹ್ನ ಹೊಸ ಪಟ್ಟಿ ಬಂತು. ಐದು ಸಾವಿರದ ನೂರ ಮೂವತ್ತು.

ಮಂದಾಕಿನಿ ಒಂದೊಂದೇ ದನಿಯನ್ನು ಹಾಕಿ ಕೇಳಿದಳು. ಯಾರದೋ ಮನೆಯಲ್ಲಿ ಕೂತು ಹರಟೆ ಮುಗಿಸಿ ಎದ್ದವರು, "ಹೊತ್ತಾಯ್ತು, ಬರ್ತೀನಿ." ಕೆಲಸಕ್ಕೆ ಹೊರಟವರು ಹೊಸಲಲ್ಲಿ ನಿಂತು, "ಬಾಗಿಲು ಹಾಕ್ಕೋ, ಬರ್ತೀನಿ." ಹೊರಡುವಾಗ ಹೋಗುತ್ತೇನೆ ಎನ್ನುವುದು ಅಶುಭವೆಂದು ಭೂಮಿಯಿಂದ ಬರುವಾಗಲೇ ಗಂಟು ಕಟ್ಟಿಕೊಂಡು ಬಂದ ಜನ. ಹಾಗೆ ಹೊರಟ ಒಬ್ಬೊಬ್ಬರನ್ನೂ ಪೆಟ್ಟಿಗೆ ಸೈನ್ಯಕ್ಕೆ ಸೇರಿಸಿಕೊಂಡಿತ್ತು. ಎಂಬತ್ತೆಂಟು ವರ್ಷದ ತಿಮ್ಮಾಜಮ್ಮ ಮೊಸರಿನ ಹೆಪ್ಪು ಕೇಳಿಕೊಂಡು ಮೂರು ಮನೆ ತಿರುಗಿದ್ದಳು; ಅವಳು ಮೂರು ಸಲ ಭರ್ತಿಯಾಗಿದ್ದಳು. ಚೆಲುವರಾಯ ಎರಡು ಸಲ.

ಅವಳು ಪಟ್ಟಿ ಹಿಡಿದುಕೊಂಡು ಒಳಗೆ ಹೋದಾಗ ಪರಶಿವಮೂರ್ತಿಯ ಮುಖ ಬಾಡಿತ್ತು. ಅವನಿಗೂ ಅರ್ಥವಾಗಿತ್ತು. ಆದರೆ ಅವನಿಗಿಂತ ಮೊದಲು ಯಂತ್ರ ಆ ಸಂಖ್ಯೆಯನ್ನು ನಡುಪಟ್ಟಣಕ್ಕೆ ಕಳಿಸಿಯಾಗಿತ್ತು; ಅಲ್ಲಿಂದ ಅಭಿನಂದನೆಯೂ ಬಂದಾಗಿತ್ತು.

"ಸಹಿ ಮಾಡಿ ಸಾರ್," ಎಂದಳು.

"ಮಾಡಿದ್ರೆ ಏನಾಗುತ್ತೆ ಗೊತ್ತಾ? ಒಂದು ವರ್ಷ ನಾನು ಇಲ್ಲಿ ಮಾಡಿದ ಕೆಲಸ ಸುಳ್ಳು ಅಂತ ನಾನೇ ಬರೆದುಕೊಟ್ಟ ಹಾಗಾಗುತ್ತೆ. ಹೊರಗೆ ನೋಡಿ. ಜನ ಎಷ್ಟು ತಿಂಗಳಾದ ಮೇಲೆ ತಲೆಯೆತ್ತಿ ಓಡಾಡ್ತಿದಾರೆ. ಆ ಹಲಗೆ ಮತ್ತೆ ಮೂವತ್ತಕ್ಕೆ ಇಳಿದ್ರೆ ಮೇಲ್ದಂಡೆಯವರು ನಾಳೆಯೇ ಇಳಿದು ಬರ್ತಾರೆ."

"ಹಲಗೆ ಉಳಿಸೋಕೆ ತಿಮ್ಮಾಜಮ್ಮನ ಕೈಗೆ ಬಂದೂಕು ಕೊಡ್ತೀರಾ?"

"ಅವರನ್ನ ಬಿಡೋಣ. ವಯಸ್ಸಾದವರನ್ನೆಲ್ಲ ಬಿಡೋಣ. ಉಳಿದವರಲ್ಲಿ ನಿಜವಾಗಿ ಒಪ್ಪಿದವರೂ ಇರ್ತಾರಲ್ಲ."

"ಯಾರು ಅಂತ ಹೇಗೆ ಗೊತ್ತಾಗುತ್ತೆ?"

"ಒಪ್ಪದವರು ಇಲ್ಲ ಅಂದಿರ್ತಾರೆ. ಅಂದವರನ್ನ ಯಂತ್ರ ಸೇರಿಸ್ಕೊಳ್ಳಲ್ಲ. ಅಷ್ಟು ನಂಬಿಕೆ ಇದೆ ನನಗೆ."

ಮಂದಾಕಿನಿ ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದಳು. "ನೀವು ಮೊದಲ ಗಾಡಿಯಲ್ಲಿ ಹೋಗ್ತೀರಾ ಸಾರ್?"

ಪರಶಿವಮೂರ್ತಿ ಆಗಲೇ ಬೇರೆ ಕಾಗದ ಹುಡುಕುತ್ತಿದ್ದ. ತಲೆಯೆತ್ತದೆ, ಕಾಫಿ ಬೇಕೇ ಎಂದು ಯಾರೋ ಕೇಳಿದರೆ ಹೇಳುವ ಹಾಗೆ, "ಉಹೂಂ," ಎಂದ. "ನನಗೆ ಇಲ್ಲೇ ಕೆಲಸ ಇದೆ."

ಕಚೇರಿಯ ಗೋಡೆಯಲ್ಲೂ ಇದ್ದ ಪೆಟ್ಟಿಗೆ ಟಿಕ್ ಎಂದಿತು. ಮೇಜಿನ ಮೇಲಿನ ಮುದ್ರಣಯಂತ್ರದಿಂದ ಒಂದು ಚೀಟಿ ಹೊರಬಂತು. ಮಂದಾಕಿನಿ ಅದನ್ನು ಹರಿದು ಅವನ ಮುಂದಿಟ್ಟಳು.

ಪರಶಿವಮೂರ್ತಿ. ಒಪ್ಪಿಗೆ: ಹೂಂ. ಧೈರ್ಯ ತೊಂಬತ್ತಾರು. ಮೊದಲ ಗಾಡಿ.

ಅವನು ಚೀಟಿಯನ್ನು ತಿರುಗಿಸಿ ನೋಡಿದ, ಹಿಂದೆ ಬೇರೇನಾದರೂ ಬರೆದಿದೆಯೋ ಎನ್ನುವಂತೆ.

"ನಾನು ಉಹೂಂ ಅಂದೆ."

"ಅದರ ಕಿವಿಗೆ ಮೊದಲನೇ ಉ ಬೀಳಲ್ಲ ಸಾರ್. ಮಾತಿಗೆ ಮುಂಚೆ ಜನ ಗಂಟಲು ಸರಿಮಾಡ್ಕೋತಾರೆ ಅಂತ ಶುರುವಿನ ಸಣ್ಣ ಸದ್ದನ್ನ ಕತ್ತರಿಸಿಬಿಡುತ್ತೆ. ಈಗ ನೀವು ಅಂದಮೇಲೇ ನನಗೂ ಹೊಳೆದದ್ದು." ಅವಳು ಮೇಜಿಗೆ ಬಂದು ಸೋಮವಾರದ ದನಿಗಳಲ್ಲಿ ಹುಡುಕಿದಳು. ಹೂಂ ಲೆಕ್ಕಕ್ಕೆ ಬೇಡವೆಂದು ಬುಧವಾರ ಮನೆಗಳಿಗೆ ಕಲಿಸಿದ್ದಳು. ಕಚೇರಿಯ ಪೆಟ್ಟಿಗೆಗೆ ಕಲಿಸುವುದು ಮರೆತುಹೋಗಿತ್ತು. ಒಳ್ಳೆಯದೇ ಆಯಿತು. ಹುಡುಕಿದ್ದು ಸಿಕ್ಕಿತು. ಯಾರೋ ಮುದುಕಿಯ ದನಿ: "ಉಹೂಂ ಕಣಪ್ಪ, ನಂಗೆ ಮಂಡಿ ಬಗ್ಗಲ್ಲ." ಪಕ್ಕದಲ್ಲಿ ಧೈರ್ಯ ತೊಂಬತ್ತೈದು. ಇನ್ನೊಬ್ಬನದು: "ಉಹೂಂ ಉಹೂಂ ಉಹೂಂ." ಅವನು ಮೂರು ಸಲ ಒಪ್ಪಿದ್ದ.

ಪರಶಿವಮೂರ್ತಿ ಕೇಳುತ್ತ ಕೇಳುತ್ತ ಕುರ್ಚಿಗೆ ಒರಗಿದ. ಮೊದಲು ಹೆಗಲು ಅಲುಗಿದವು, ಆಮೇಲೆ ಹೊಟ್ಟೆ. ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ನಕ್ಕು ಸುಸ್ತಾದ ಮೇಲೆ ಲೇಖನಿ ಕೇಳಿದ.

"ಎಲ್ಲಿ ಹಾಕ್ಬೇಕು ಸಹಿ?"

ಶುಕ್ರವಾರ ಬೆಳಿಗ್ಗೆ ಊರೆಲ್ಲ ಚೌಕದಲ್ಲಿ ಸೇರಿತ್ತು. ಪರಶಿವಮೂರ್ತಿ ಕಟ್ಟೆ ಹತ್ತಿ ನಡೆದದ್ದನ್ನೆಲ್ಲ ಹೇಳಿದ, ಪಟ್ಟಿಯ ಕೆಲವು ಹೆಸರುಗಳನ್ನೂ ತನ್ನ ಚೀಟಿಯನ್ನೂ ಓದಿದ. ಪಟ್ಟಿಯನ್ನು ನಡುಪಟ್ಟಣ ಕೈಬಿಟ್ಟಿದೆ, ಮೇಲ್ದಂಡೆ ಹತ್ತುವ ಮಾತೂ ಬಿದ್ದುಹೋಗಿದೆ ಎಂದ. ಆಮೇಲೆ, ಪೆಟ್ಟು ತಿನ್ನಲು ಸಿದ್ಧನಾದವನಂತೆ ಕೈಕಟ್ಟಿ ನಿಂತ.

ಮುಂದಿನ ಸಾಲಿನಿಂದ ದ್ಯಾವಮ್ಮನ ದನಿ ಕೇಳಿಸಿತು.

"ಅಂಗಾರೆ ಮೂರು ದಿನದಿಂದ ನಾನು ಎದೆ ಉಬ್ಬಿಸ್ಕಂಡು ಓಡಾಡಿದ್ದು ನನ್ ಬಗ್ಗೆನೇಯಾ?"

ಚೌಕಕ್ಕೆ ಚೌಕವೇ ನಕ್ಕಿತು. ತಿಮ್ಮಾಜಮ್ಮನಿಗೆ ಯಾರೋ ಸೈನಿಕರ ಹಾಗೆ ಸಲಾಮು ಹೊಡೆದರು. ಅವಳು ಕೋಲೆತ್ತಿ ಸ್ವೀಕರಿಸಿದಳು. ಹಲಗೆಯ ಅಂಕಿ ಇಳಿಯಿತು, ಏರಿತು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಆಡತೊಡಗಿತು. ಪರಶಿವಮೂರ್ತಿ ಯಾರಿಗೂ ಹೇಳದೆ ಅದರ ತಂತಿ ಎಳೆದುಹಾಕಿದ.

ನಗು ತಣಿದಾಗ ತಿರುನಾರಾಯಣ ಮೇಷ್ಟ್ರು ಮೆಲ್ಲನೆ ಎದ್ದು ನಿಂತರು. ಅವರು ಹಾಡಲಿಲ್ಲ.

"ತಪ್ಪು ನನ್ನದೂ ಇದೆ. ಅಷ್ಟು ದೊಡ್ಡ ಮಾತನ್ನ ಪದ್ಯದಲ್ಲಿಟ್ಟು ಕೇಳಬಾರದಿತ್ತು. ಪದ್ಯ ಮನಸ್ಸನ್ನ ಮಲಗಿಸುತ್ತೆ. ಇದು ಎದ್ದು ಕೂತು ಉತ್ತರ ಹೇಳೋ ಪ್ರಶ್ನೆ. ಬಾವಿ ಕಾಯೋ ಹುಡುಗರು ಅಲ್ಲಿ ಮೂರು ತಿಂಗಳಿಂದ ನಿದ್ದೆಗೆಟ್ಟಿದಾರೆ. ಅವರು ಮನೆಗೆ ಬರಬೇಕಾದ್ರೆ ಬೇರೆಯವರು ಹೋಗಬೇಕು. ಇಷ್ಟೇ ವಿಷಯ. ಮಂದಾಕಿನಿ ಕೇಳ್ತಾಳೆ, ಮನಸ್ಸಿದ್ದವರು ಹೇಳಿ. ಇಲ್ಲದವರು ಊಟಕ್ಕೆ ಹೋಗಿ, ಯಾರೂ ಏನೂ ಅನ್ನಲ್ಲ."

ಪೆಟ್ಟಿಗೆಗಳನ್ನೆಲ್ಲ ಆರಿಸಿ, ಚೌಕದ ನಡುವೆ ಒಂದು ಮೇಜು ಹಾಕಿದರು. ಮಂದಾಕಿನಿ ರೂಲು ಹಾಕಿದ ಪುಸ್ತಕ ಇಟ್ಟುಕೊಂಡು ಕೂತಳು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಬೇಕೆಂದು ಅವಳೇ ನಿಯಮ ಮಾಡಿಕೊಂಡಿದ್ದಳು: ನೀರ್ಗಣ್ಣು ಕಾಯೋಕೆ ನಲವತ್ತು ದಿನ ಹೋಗ್ತೀರಾ, ಗುಂಡು ಬೀಳಬಹುದು, ತಿಳಿದು ಹೇಳಿ.

ಬಹಳ ಜನ ಊಟಕ್ಕೆ ಹೋದರು. ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಬಂದರು. ಯಂತ್ರ ಬೇಕಾಗಲಿಲ್ಲ, ಆ ದನಿಗಳ ನಡುಕ ಮೇಜಿನಾಚೆಗೂ ಕೇಳುತ್ತಿತ್ತು. ಕೊಳವೆ ಜೋಡಿಸುವ ಹುಚ್ಚೀರ ಉತ್ತರ ಹೇಳುವ ಮೊದಲು ಎರಡು ಸಲ ನೀರು ಕುಡಿದ. ದ್ಯಾವಮ್ಮನ ಮಗಳು ಗೌರಿ, ತಾಯಿ ಕೇಳಿಸಿಕೊಳ್ಳದಿರಲೆಂದು ಪಿಸುಗುಟ್ಟಿದಳು. ತಾಯಿ ಹಿಂದೆಯೇ ನಿಂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ತಡೆಯಲಿಲ್ಲ. ಪರಶಿವಮೂರ್ತಿ ಬಂದು, ಕೆಮ್ಮಿ, "ಹೋಗ್ತೀನಿ. ಈ ಸಲ ಸರಿಯಾಗಿ ಬರೆದುಕೊಳ್ಳಿ," ಎಂದ. ಮೂರು ಗಂಟೆಯ ಹೊತ್ತಿಗೆ ಇನ್ನೂರ ಮೂವತ್ತೇಳು ಜನವಾಗಿದ್ದರು. ಆರುನೂರಾಗಲಿಲ್ಲ. ದಂಡೆ ಹತ್ತಲು ಸಾಲದು, ಪಾಳಿಯ ಮೇಲೆ ಬಾವಿ ಕಾಯಲು ಸಾಕು.

ಮಂದಾಕಿನಿ ಪುಟ ತಿರುವಿ, ತಲೆಯೆತ್ತದೆ ಕೇಳಿದಳು. "ಹೆಸರು?"

"ನಿನಗೆ ಗೊತ್ತಿಲ್ವಾ?"

ಎದುರಿಗೆ ಚೆಲುವರಾಯ ನಿಂತಿದ್ದ. ರಾಗಿಮನೆಯ ಅಂಗಿಯಲ್ಲೇ ಬಂದಿದ್ದ, ತೋಳಿನ ಮೇಲೆ ರಾಗಿಯ ಹೊಟ್ಟು.

"ರೀ," ಎಂದಳು, ಸಾಲಿನವರಿಗೆ ಕೇಳಿಸದಂತೆ. "ನಿಮ್ಮ ಹೆಸರು ಆ ಪಟ್ಟಿಯಿಂದ ತೆಗೆಸೋಕೆ ನಾನು ಮೂರು ದಿನ ಒದ್ದಾಡಿದೀನಿ."

"ಗೊತ್ತು. ಪರಶಿವಮೂರ್ತಿಯವರು ಹೇಳಿದ್ರಲ್ಲ."

"ಮತ್ತೆ?"

"ಅವತ್ತು ಗೋಡೆ ಕೇಳ್ತು, ಮನುಷ್ಯರು ಯಾರೂ ನನ್ನ ಕೇಳಿರ್ಲಿಲ್ಲ ಕಣೇ. ಇವತ್ತು ಕೇಳ್ತಿದಾರೆ. ಕೇಳಿದ ಮೇಲೆ ಯೋಚನೆ ಮಾಡ್ಬೇಕಲ್ಲ. ಮಾಡ್ದೆ."

"ಹೆದರಿಕೆ ಆಗಲ್ವಾ?"

ಅವನು ಮೇಜಿನ ಅಂಚು ಹಿಡಿದುಕೊಂಡಿದ್ದ ಕೈಯನ್ನು ಎತ್ತಿ ತೋರಿಸಿದ. ಅದು ಬಿಟ್ಟರೆ ಬಿದ್ದುಹೋಗುವಂತೆ ಅಲುಗುತ್ತಿತ್ತು. ಮತ್ತೆ ಅಂಚನ್ನೇ ಹಿಡಿದ.

"ಬಂದೂಕು ನನ್ನ ಕೈಲಾಗಲ್ಲ, ಹಾಗಂತ ಬರ್ಕೋ. ಅಡಿಗೆ ಮಾಡ್ತೀನಿ, ಕೊಳವೆ ನೋಡ್ಕೋತೀನಿ. ಆ ನೀರು ಸುನಂದಾನ ಮನೆಗೂ ಹೋಗ್ಬೇಕು ಅಂತ ಅಲ್ಲಿರೋರ ಕಿವೀಲಿ ದಿನಾ ಯಾರಾದ್ರೂ ಒಬ್ರು ಹೇಳ್ತಾ ಇರ್ಬೇಕು. ಬೇರೆಯವರಿಗೆ ಮರೆತೋಗುತ್ತೆ. ನನಗೆ ಮರೆಯಲ್ಲ."

ಮಂದಾಕಿನಿಗೆ ಆ ಕ್ಷಣ ಹಳೆಯ ಪಟ್ಟಿಯ ಮೇಲೆ ಬಂದಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವನನ್ನು ಕೇಳಬೇಕು, ಬಾಯಿಬಿಟ್ಟು ಕೇಳಬೇಕು ಎಂದು ಹಟ ಹಿಡಿದವಳು ಅವಳೇ. ಕೇಳಿದರೆ ಇಂಥದೊಂದು ಉತ್ತರವೂ ಬರಬಹುದು ಎಂದು ಮಾತ್ರ ಎಣಿಸಿರಲಿಲ್ಲ. ಇಪ್ಪತ್ತೆರಡು ವರ್ಷ ಜೊತೆಗಿದ್ದ ಗಂಡಸಿನಲ್ಲಿ ಇನ್ನೂ ನೋಡದ ಕೋಣೆಯೊಂದು ಇತ್ತೆಂದು ತಿಳಿದರೆ ಹೇಗಿರುತ್ತದೋ ಹಾಗಾಯಿತು. ಹೆದರಿಕೆಯಾಯಿತು, ಜೊತೆಗೇ ಒಳಗೆಲ್ಲೋ ಬೆಚ್ಚಗಾಯಿತು.

"ರಾಗಿಮನೆ?"

"ನೀನು ನೋಡ್ಕೋತೀಯಲ್ಲ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಬುಡಕ್ಕೆ ಹಾಕು, ಎಲೆ ಮೇಲೆ ಹಾಕ್ಬೇಡ."

ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಇನ್ನೂರ ಮೂವತ್ತೇಳು ಜನರಿಗೆ ಕೇಳಿದ ಪ್ರಶ್ನೆಯನ್ನು, ಒಂದಕ್ಷರವನ್ನೂ ಬಿಡದೆ, ಗುಂಡು ಬೀಳಬಹುದು ಎನ್ನುವುದನ್ನೂ ಬಿಡದೆ, ಅವನಿಗೂ ಕೇಳಿದಳು. ಅವನು ಉತ್ತರ ಹೇಳಿದ. ಬರೆದುಕೊಂಡಳು. ಹೆಬ್ಬೆರಳ ಗುರುತಿಗೆ ಪುಸ್ತಕವನ್ನು ಅವನ ಕಡೆ ತಿರುಗಿಸಿದಳು. ಅವನು ಮಸಿಗೆ ಅದ್ದಿ ಒತ್ತಿ, ಬೆರಳನ್ನು ಎಲ್ಲಿ ಒರೆಸುವುದೆಂದು ತಿಳಿಯದೆ ಗಾಳಿಯಲ್ಲಿ ಹಿಡಿದುಕೊಂಡು ನಿಂತ. ಮಂದಾಕಿನಿ ತನ್ನ ಸೆರಗಿನ ತುದಿಯನ್ನು ಮೇಜಿನ ಮೇಲಿನಿಂದ ಚಾಚಿದಳು.

ಹಿಂದೆ ನಿಂತಿದ್ದವರು ಬೇರೆ ಕಡೆ ನೋಡಿದರು. ಚೆಲುವರಾಯ ಅವಸರವಿಲ್ಲದೆ, ಉಗುರಿನ ಸಂದಿಯ ತನಕ, ಬೆರಳು ಒರೆಸಿಕೊಂಡ.